ಆರು ಸೆಕೆಂಡಿನ ಕಾಳಗ

ಕಾವ್ಯದಲ್ಲಿ ಒಬ್ಬ ವೀರನು ಗದೆಯನ್ನೆತ್ತಿ ಇನ್ನೊಬ್ಬನ ಮೇಲೆ ಬೀಸುವುದಕ್ಕೆ ಎಷ್ಟು ಹೊತ್ತು ಬೇಕು? ತರಗತಿಯಲ್ಲಿ ನಾನು ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಿದ್ದರು. ಪ್ರಶ್ನೆ ಮಾತ್ರ ನಕ್ಕು ಬಿಡುವಂಥದಲ್ಲ. ಬೀಸುವ ಕೈಗೆ ಒಂದು ಕ್ಷಣ ಸಾಕು. ಹೇಳುವ ಕವಿಗೆ ಅದು ಅರ್ಧ ಪದ್ಯವೂ ಆಗಬಹುದು, ಇಡೀ ಆಶ್ವಾಸವೂ ಆಗಬಹುದು. ಕಥೆಯೊಳಗಣ ಕಾಲ ಒಂದು, ಕಥೆಯನ್ನು ಹೇಳುವ ಕಾಲ ಇನ್ನೊಂದು. ಇವೆರಡರ ನಡುವಣ ಅಂತರವನ್ನು ಕಾವ್ಯದಲ್ಲಿ ನಾವು ಊಹೆಯಿಂದ ತಿಳಿಯಬೇಕು. ಅದನ್ನು ಗಡಿಯಾರ ಹಿಡಿದು ಅಳೆಯಬಹುದಾದ ಒಂದು ಆಟವಿದೆ. ಇಂದು ನಾನು ಹೇಳಹೊರಟಿರುವುದು ಆ ಆಟದಲ್ಲಿ ನಡೆಯುವ ಕಾಳಗದ ಗತಿಯನ್ನು ಕುರಿತು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಹೆಸರನ್ನು ಶ್ರೋತೃಗಳಲ್ಲಿ ಕಿರಿಯರಾದವರು ಕೇಳಿರಬಹುದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟ ೧೯೭೪ರಲ್ಲಿ ಆ ಊರಿನಿಂದ ಪ್ರಕಟವಾಯಿತು. ಮೂರು ಕಿರುಹೊತ್ತಗೆಗಳು, ಅವನ್ನಿಡಲು ಒಂದು ಪೆಟ್ಟಿಗೆ. ಮೊದಲ ಮುದ್ರಣ ಸಾವಿರ ಪ್ರತಿ. ಆಡುವ ಬಗೆ ಹೀಗೆ: ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಒಬ್ಬ ಕತ್ತಿಯಾಳು, ಒಬ್ಬಳು ಮಾಂತ್ರಿಕೆ, ಒಬ್ಬ ಕಳ್ಳ, ಹೀಗೆ. ಇನ್ನೊಬ್ಬನು ಸೂತ್ರಧಾರ. ಉಳಿದ ಜಗತ್ತೆಲ್ಲ ಅವನದು: ಕೋಟೆ, ಕಾಡು, ಮಳೆ, ಮುದುಕಿ, ರಾಕ್ಷಸ. ಆಟಗಾರ್ತಿ ‘ಬಾಗಿಲನ್ನು ತಳ್ಳುತ್ತೇನೆ’ ಎನ್ನುತ್ತಾಳೆ. ಬಾಗಿಲಾಚೆ ಏನಿದೆಯೆಂಬುದನ್ನು ಸೂತ್ರಧಾರ ಹೇಳುತ್ತಾನೆ. ಫಲ ಸಂಶಯವಾದಾಗ ದಾಳ ಉರುಳುತ್ತದೆ. ನಮ್ಮ ಪಗಡೆಯ ದಾಳದಂತಲ್ಲ. ಇಲ್ಲಿ ಮುಖ್ಯವಾದದ್ದು ಇಪ್ಪತ್ತು ಮುಖದ ದಾಳ.

ಇಂಥ ಆಟದಲ್ಲಿ ಕಾಲ ಬಹಳ ಸ್ವತಂತ್ರವಾದದ್ದು. ‘ಮೂರು ದಿನ ನಡೆದು ಬೆಟ್ಟದ ತಪ್ಪಲನ್ನು ಸೇರಿದಿರಿ’ ಎಂದು ಸೂತ್ರಧಾರ ಹೇಳಿದರೆ ಮೂರು ದಿನ ಕಳೆದವು. ಆದರೆ ಯಾರಾದರೂ ಕತ್ತಿ ಹಿರಿದ ಕೂಡಲೆ ಈ ಸ್ವಾತಂತ್ರ್ಯ ಮುಗಿಯಿತು. ಅಲ್ಲಿಂದ ಕಾಲವನ್ನು ಸುತ್ತುಗಳಾಗಿ ಕತ್ತರಿಸುತ್ತಾರೆ. ಪ್ರತಿ ಸುತ್ತಿನಲ್ಲಿ ಪ್ರತಿಯೊಬ್ಬನಿಗೂ ಒಂದು ಸರದಿ. ಈಗ ಬಳಕೆಯಲ್ಲಿರುವ ನಿಯಮದಂತೆ ಒಂದು ಸುತ್ತೆಂದರೆ ಕಥೆಯೊಳಗೆ ಆರು ಸೆಕೆಂಡು.

ಪ್ರತಿ ಪಾತ್ರಕ್ಕೂ ಪ್ರತಿ ಶತ್ರುವಿಗೂ ಒಂದು ಸಂಖ್ಯೆಯಿರುತ್ತದೆ. ಆಡುವವರು ಅದನ್ನು ಹಿಟ್ ಪಾಯಿಂಟ್ ಎನ್ನುತ್ತಾರೆ. ನಾನು ಆಯುಸ್ಸಿನ ಅಂಕವೆನ್ನುತ್ತೇನೆ. ಏಟು ತಗುಲಿದಂತೆ ಅದು ಇಳಿಯುತ್ತದೆ, ಸೊನ್ನೆಯಾದರೆ ಬಿದ್ದಂತೆ. ಎದುರಿಗಿರುವ ರಾಕ್ಷಸನ ಅಂಕ ೬೦ ಎಂದಿಟ್ಟುಕೊಳ್ಳಿ. ಆಟಗಾರರ ಏಟುಗಳಲ್ಲಿ ನೂರಕ್ಕೆ ೬೫ ತಗುಲುತ್ತವೆ, ತಗುಲಿದ್ದು ಸರಾಸರಿ ೮ ಅಂಕ ಕಳೆಯುತ್ತದೆ ಎನ್ನೋಣ. ಅವನನ್ನು ಕೆಡಹಲು ಸುಮಾರು ೧೨ ಏಟು ಬೇಕಾಯಿತು. ನಾಲ್ವರು ಆಟಗಾರರಿದ್ದರೆ ೩ ಸುತ್ತು. ಕಥೆಯಲ್ಲಿ ಕಳೆದದ್ದು ೧೮ ಸೆಕೆಂಡು. ಮೇಜಿನ ಬಳಿ? ಒಬ್ಬೊಬ್ಬ ಆಟಗಾರನಿಗೆ ೨ ನಿಮಿಷ. ರಾಕ್ಷಸನ ಪರವಾಗಿ ಯೋಚಿಸಿ, ದಾಳ ಉರುಳಿಸಿ, ಆದದ್ದನ್ನು ವರ್ಣಿಸುವ ಸೂತ್ರಧಾರನಿಗೆ ೫ ನಿಮಿಷ. ಸುತ್ತಿಗೆ ೧೩ ನಿಮಿಷದಂತೆ ಒಟ್ಟು ೩೯ ನಿಮಿಷ. ಇದಕ್ಕಿಂತಲೂ ಮುಖ್ಯವಾದ ಲೆಕ್ಕ ಇನ್ನೊಂದಿದೆ. ಆ ೧೩ ನಿಮಿಷಗಳಲ್ಲಿ ಒಬ್ಬ ಆಟಗಾರನಿಗೆ ಸಲ್ಲುವುದು ಎರಡೇ. ಮಿಕ್ಕ ಹನ್ನೊಂದು ನಿಮಿಷ ಅವನು ಕಾಯುತ್ತಾನೆ. ಕಾದು, ಸರದಿ ಬಂದು, ದಾಳವನ್ನುರುಳಿಸಿದರೆ ನೂರರಲ್ಲಿ ೩೫ ಸಲ ಏನೂ ಆಗುವುದಿಲ್ಲ. ಏಟು ತಪ್ಪಿತು. ಮತ್ತೆ ಹನ್ನೊಂದು ನಿಮಿಷ.

ಆಟದಲ್ಲಿ ಬೇಸರ ಬಂದರೆ ಎದ್ದುಹೋಗಬಹುದಲ್ಲ, ಇದಕ್ಕೇಕೆ ಇಷ್ಟು ಚಿಂತೆ ಎಂದು ಕೇಳುವವರಿದ್ದಾರೆ. ಎದ್ದುಹೋಗುತ್ತಾರೆ ಎಂಬುದೇ ಚಿಂತೆ. ಉದ್ಯೋಗ, ಸಂಸಾರ, ಪರೀಕ್ಷೆಗಳ ನಡುವೆ ಐದು ಜನ ಒಂದೇ ದಿನ ಒಂದೇ ಮನೆಯಲ್ಲಿ ಮೂರು ಗಂಟೆ ಕೂಡುವುದು ಈ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ಎರಡು ಚಿಲ್ಲರೆ ಜಗಳಗಳಲ್ಲಿ ಆ ಮೂರು ಗಂಟೆ ಕರಗಿದರೆ, ಮುಂದಿನ ವಾರ ನಾಲ್ವರು ಬರುತ್ತಾರೆ, ಅದರ ಮುಂದಿನ ವಾರ ಯಾರೂ ಬರುವುದಿಲ್ಲ. ತಿಂಗಳುಗಟ್ಟಲೆ ಕಟ್ಟಿದ ಒಂದು ಕಥೆ ಹಾಗೆಯೇ ನಿಂತುಹೋಗುತ್ತದೆ.

ಈ ತೊಡಕು ಹೊಸದಲ್ಲ. ಆಟಕ್ಕಿಂತ ಹಳೆಯದು. ೧೮೨೪ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬಾತ, ತನ್ನ ತಂದೆ ಆರಂಭಿಸಿದ್ದ ಒಂದು ಯುದ್ಧದಾಟವನ್ನು ತಿದ್ದಿ ಅಧಿಕಾರಿಗಳ ಶಿಕ್ಷಣಕ್ಕೆಂದು ಪ್ರಕಟಿಸಿದನು. ಭೂಪಟದ ಮೇಲೆ ದಳಗಳನ್ನು ಸೂಚಿಸುವ ಚಿಕ್ಕ ತುಂಡುಗಳು, ನಷ್ಟವನ್ನು ತಿಳಿಸುವ ಕೋಷ್ಟಕಗಳು, ದಾಳ, ಎಲ್ಲಕ್ಕೂ ಮೇಲೆ ಒಬ್ಬ ಮಧ್ಯಸ್ಥ. ಅಲ್ಲಿಯೂ ಕಾಲವನ್ನು ತುಂಡುಮಾಡಲಾಗಿತ್ತು. ಒಂದು ನಡೆಗೆ ಎರಡು ನಿಮಿಷ. ರಣರಂಗದ ಎರಡು ನಿಮಿಷವನ್ನು ಕೋಷ್ಟಕ ನೋಡಿ ತೀರ್ಮಾನಿಸುವುದಕ್ಕೆ ಎರಡು ನಿಮಿಷ ಸಾಲದೆಂಬುದನ್ನು ಹೇಳಬೇಕಾಗಿಲ್ಲ. ಅರ್ಧ ಶತಮಾನ ಕಳೆದ ಮೇಲೆ, ೧೮೭೬ರಲ್ಲಿ, ವೆರ್ಡಿ ದ್ಯು ವೆರ್ನ್ವಾ ಎಂಬ ಇನ್ನೊಬ್ಬ ಪ್ರಷ್ಯನ್ ಸೇನಾನಿ ಬೇರೊಂದು ದಾರಿಯನ್ನು ಸೂಚಿಸಿದನು. ಕೋಷ್ಟಕವನ್ನೂ ದಾಳವನ್ನೂ ಬದಿಗಿಟ್ಟು, ಅನುಭವಿಯಾದ ಮಧ್ಯಸ್ಥನ ವಿವೇಕಕ್ಕೆ ತೀರ್ಪನ್ನು ಬಿಡಬೇಕೆಂಬುದು ಆತನ ಮತ. ನಿಯಮವೋ ವಿವೇಕವೋ ಎಂಬ ಚರ್ಚೆ ಅಂದು ಆರಂಭವಾದದ್ದು ಇನ್ನೂ ನಿಂತಿಲ್ಲ. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ ೧೯೧೩ರ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಆಟದ ಸಿಪಾಯಿಗಳನ್ನು ನೆಲದ ಮೇಲೆ ಹೂಡಿ, ಆಟಿಕೆಯ ತೋಪಿನಿಂದ ನಿಜವಾಗಿಯೇ ಹೊಡೆದು ಕೆಡಹುವ ಯುದ್ಧವನ್ನು ವರ್ಣಿಸಿದ್ದಾನೆ. ನಡೆಗೆ ಇಂತಿಷ್ಟೇ ಸಮಯವೆಂದು ಗಡಿಯಾರವಿಟ್ಟು ನಿಗದಿಮಾಡಿದವನೂ ಅವನೇ.

ಈ ಪರಂಪರೆ ಅಮೆರಿಕಕ್ಕೆ ಬಂದ ಬಗೆ ಕುತೂಹಲಕರ. ಮಿನೆಸೋಟದ ಡೇವಿಡ್ ವೆಸ್ಲಿ ಎಂಬಾತ ಹತ್ತೊಂಬತ್ತನೆಯ ಶತಮಾನದ ಒಂದು ಅಮೆರಿಕನ್ ಸೈನಿಕ ಗ್ರಂಥದಿಂದ ಸರ್ವಾಧಿಕಾರಿಯಾದ ಮಧ್ಯಸ್ಥನ ಕಲ್ಪನೆಯನ್ನು ಪಡೆದು, ೧೯೬೯ರಲ್ಲಿ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರೊಂದರ ಆಟವನ್ನು ನಡೆಸಿದನು. ಅದರಲ್ಲಿ ಸೇನೆಯನ್ನು ನಡೆಸುವುದಕ್ಕೆ ಬದಲಾಗಿ ಒಬ್ಬೊಬ್ಬರೂ ಒಬ್ಬೊಬ್ಬ ವ್ಯಕ್ತಿಯಾದರು. ಅಲ್ಲಿ ಆಡಿದವರಲ್ಲಿ ಆರ್ನೆಸನ್ ಒಬ್ಬ. ಅತ್ತ ಗೈಗ್ಯಾಕ್ಸ್ ೧೯೭೧ರಲ್ಲಿ ಜೆಫ್ ಪೆರೆನ್ ಎಂಬಾತನೊಡನೆ ಮಧ್ಯಯುಗದ ಯುದ್ಧಕ್ಕೆ ‘ಚೈನ್‌ಮೇಲ್’ ಎಂಬ ನಿಯಮಗಳನ್ನು ಪ್ರಕಟಿಸಿದ್ದನು. ಅವುಗಳಲ್ಲಿ ಸಾಮಾನ್ಯ ಸೈನಿಕನು ಒಂದೇಟಿಗೆ ಸಾಯುತ್ತಿದ್ದನು. ಸಾವಿರ ಜನರ ಸೇನೆಯಲ್ಲಿ ಒಬ್ಬ ಸತ್ತರೆ ಯಾರೂ ಅಳುವುದಿಲ್ಲ. ಆದರೆ ಆ ಒಬ್ಬನೇ ನಾನಾದಾಗ? ಒಂದೇಟಿಗೆ ಪಾತ್ರ ಸಾಯುವುದು ತನ್ನ ಆಟಗಾರರಿಗೆ ಸೇರಲಿಲ್ಲವೆಂದೂ, ಹಡಗುಗಳ ಯುದ್ಧದಾಟದಿಂದ ಆಯುಸ್ಸಿನ ಅಂಕವನ್ನು ತಂದೆನೆಂದೂ ಆರ್ನೆಸನ್ ಹೇಳಿಕೊಂಡಿದ್ದಾನೆ. ಗಮನಿಸಬೇಕಾದ ಮಾತಿದು. ಕಾಳಗ ನಿಧಾನವಾದದ್ದು ನಿಯಮಕಾರರ ದಡ್ಡತನದಿಂದಲ್ಲ, ಪಾತ್ರದ ಮೇಲಿನ ಮಮತೆಯಿಂದ.

ಇನ್ನು ಕಾಲದ ಅಳತೆಗೆ ಬರೋಣ. ೧೯೭೪ರ ಮೂಲ ಆಟದಲ್ಲಿ ಒಂದು ಸುತ್ತಿಗೆ ಒಂದು ನಿಮಿಷ. ೧೯೭೮ರಲ್ಲಿ ಬಂದ ‘ರೂನ್‌ಕ್ವೆಸ್ಟ್’ ಎಂಬ ಬೇರೊಂದು ಆಟದಲ್ಲಿ ೧೨ ಸೆಕೆಂಡು. ೧೯೮೧ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪ್ರಾರಂಭಿಕರ ಆವೃತ್ತಿಯಲ್ಲಿ ೧೦ ಸೆಕೆಂಡು. ೧೯೮೬ರ ‘ಗರ್ಪ್ಸ್’ ಎಂಬ ಆಟದಲ್ಲಿ ಒಂದೇ ಸೆಕೆಂಡು. ೨೦೦೦ದಿಂದ ಈಚೆಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆರು ಸೆಕೆಂಡಿಗೆ ಬಂದು ನಿಂತಿದೆ. ಸುತ್ತು ಚಿಕ್ಕದಾದಷ್ಟೂ ಕಾಳಗ ಚುರುಕಾಗಬೇಕೆಂದು ಮೇಲುನೋಟಕ್ಕೆ ತೋರುತ್ತದೆ. ಆದದ್ದು ತದ್ವಿರುದ್ಧ. ಒಂದು ನಿಮಿಷದ ಸುತ್ತಿನಲ್ಲಿ ಹಲವು ಬೀಸು, ಹಲವು ತಡೆ, ಹುಸಿಯೇಟು, ಹಿಮ್ಮೆಟ್ಟುವಿಕೆ ಎಲ್ಲ ಅಡಗಿವೆ. ದಾಳ ಉರುಳುವುದು ಆ ಎಲ್ಲದರ ಒಟ್ಟು ಫಲಕ್ಕೆ. ಸುತ್ತು ಆರು ಸೆಕೆಂಡಿಗೆ ಇಳಿದಾಗ ಒಂದೊಂದು ಹೆಜ್ಜೆಗೂ ಲೆಕ್ಕ ಹೇಳಬೇಕಾಗುತ್ತದೆ: ಎಷ್ಟು ಅಡಿ ನಡೆದೆ, ಯಾವ ಕೈಯಲ್ಲಿ ಏನಿತ್ತು, ನಿನ್ನ ಮತ್ತು ಶತ್ರುವಿನ ನಡುವೆ ಕಂಬವಿತ್ತೆ? ಕಥೆಯ ಕಾಲ ಕುಗ್ಗಿದಂತೆ ಮೇಜಿನ ಕಾಲ ಹಿಗ್ಗಿತು. ಕಥನದಲ್ಲಿ ಸಂಗ್ರಹ ಮತ್ತು ವಿಸ್ತರ ಎಂದು ನಾವು ಬೇರ್ಪಡಿಸುವುದನ್ನು ಈ ಸಂಖ್ಯೆಗಳು ಎಷ್ಟು ನಿಚ್ಚಳವಾಗಿ ತೋರಿಸುತ್ತವೆ! ಒಂದು ನಿಮಿಷದ ಸುತ್ತು ಸಂಗ್ರಹ. ಒಂದು ಸೆಕೆಂಡಿನ ಸುತ್ತು ವಿಸ್ತರ. ವಿಸ್ತರವೆಂಬುದು ದೋಷವಲ್ಲ. ವಿಸ್ತರಿಸಲು ಯೋಗ್ಯವಾದದ್ದು ಅಲ್ಲಿರಬೇಕು, ಅಷ್ಟೆ.

೨೦೦೮ರ ನಾಲ್ಕನೆಯ ಆವೃತ್ತಿಯಲ್ಲಿ ಈ ವಿಸ್ತರ ತನ್ನ ತುದಿಯನ್ನು ಮುಟ್ಟಿತು. ಚೌಕಗಳ ಹಾಸು, ಅದರ ಮೇಲೆ ಸಣ್ಣ ಗೊಂಬೆಗಳು, ಪ್ರತಿ ಪಾತ್ರಕ್ಕೂ ಆಯ್ದುಕೊಳ್ಳಲು ಹತ್ತಾರು ವಿದ್ಯೆಗಳು. ಯುದ್ಧತಂತ್ರದ ದೃಷ್ಟಿಯಿಂದ ಅದು ಸೊಗಸಾದ ರಚನೆಯೆಂದೇ ಹೇಳಬೇಕು. ಆದರೂ ಕಾಳಗ ಎಳೆಯುತ್ತದೆಂದು ಆಡುವವರೇ ದೂರತೊಡಗಿದರು. ಮುಂದಿನ ವರ್ಷಗಳ ಪುಸ್ತಕಗಳಲ್ಲಿ ಪ್ರಕಾಶಕರು ದೊಡ್ಡ ಶತ್ರುಗಳ ಆಯುಸ್ಸನ್ನು ತಗ್ಗಿಸಿ ಅವರ ಏಟಿನ ಬಿರುಸನ್ನು ಹೆಚ್ಚಿಸಬೇಕಾಯಿತು.

ನಾನು ಆಡಿದವನಲ್ಲ, ನೋಡಿದವನು. ನಮ್ಮ ಬೀದಿಯ ಒಂದು ಮನೆಯಲ್ಲಿ ಭಾನುವಾರದ ಮಧ್ಯಾಹ್ನ ಐವರು ಯುವಕ ಯುವತಿಯರು ಈ ಆಟಕ್ಕೆ ಸೇರುತ್ತಾರೆ. ‘ನೀವೂ ಬನ್ನಿ ಸಾರ್, ಕಥೆಯಲ್ಲವೆ’ ಎಂದು ಕರೆದರು. ಹಲವು ವಾರ ಮೂಲೆಯ ಕುರ್ಚಿಯಲ್ಲಿ ಕುಳಿತು ನೋಡಿದ್ದೇನೆ. ಒಂದು ದಿನ ಗವಿಯೊಂದರಲ್ಲಿ ಹನ್ನೆರಡು ಗಾಬ್ಲಿನ್‌ಗಳು, ಅಂದರೆ ಕುಳ್ಳ ದೆವ್ವಗಳೆಂದುಕೊಳ್ಳಿ, ಎದುರಾದವು. ಮೊದಲ ಸುತ್ತಿನಲ್ಲಿ ಎಲ್ಲರ ಕಣ್ಣೂ ಮೇಜಿನ ಮೇಲಿತ್ತು. ಎರಡನೆಯ ಸುತ್ತಿನಲ್ಲಿ ಮಾಂತ್ರಿಕೆಯ ಬೆಂಕಿಗೆ ಏಳು ಉರಿದುಹೋದವು. ಯುದ್ಧ ಮುಗಿದದ್ದು ಅಲ್ಲಿಗೆ. ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು. ಆದರೆ ಉಳಿದ ಐದಕ್ಕೆ ಅಂಕಗಳು ಉಳಿದಿದ್ದುವು. ಅವು ಓಡಲಿಲ್ಲ, ಬೇಡಲಿಲ್ಲ, ಒಂದಾದ ಮೇಲೊಂದು ಬಂದು ಏಟು ತಿಂದವು. ಮುಕ್ಕಾಲು ಗಂಟೆ. ಮೂರನೆಯ ಸುತ್ತಿಗೆ ಒಬ್ಬನ ಕೈಯಲ್ಲಿ ಫೋನು ಕಂಡಿತು, ನಾಲ್ಕನೆಯದಕ್ಕೆ ಮೂವರ ಕೈಯಲ್ಲಿ. ‘ನಿನ್ನ ಸರದಿ’ ಎಂದರೆ ‘ಏನಾಯಿತು ಈಗ?’ ಎಂಬ ಪ್ರಶ್ನೆ. ಆದದ್ದನ್ನೆಲ್ಲ ಮತ್ತೆ ಹೇಳಬೇಕು. ಅದರಿಂದ ಇನ್ನಷ್ಟು ತಡ.

ಅಂದು ನನಗೆ ಹೊಳೆದದ್ದು ಇಷ್ಟು: ಉದ್ದವಾದ ಕಾಳಗವೆಲ್ಲ ನಿಧಾನವಾದದ್ದಲ್ಲ. ಕಾಳಗವು ಒಂದು ಪ್ರಶ್ನೆಯನ್ನು ಎತ್ತುತ್ತದೆ. ಅದಕ್ಕೆ ಉತ್ತರ ದೊರೆತ ಮೇಲೂ ಏಟುಗಳು ನಡೆದರೆ ಆಗ ಅದು ನಿಧಾನವಾಗುತ್ತದೆ. ಐದೇ ನಿಮಿಷವಾದರೂ ನಿಧಾನವೇ.

ನಮ್ಮ ಕವಿಗಳಿಗೆ ಇದು ತಿಳಿದಿತ್ತು. ರನ್ನನ ಗದಾಯುದ್ಧ ಹತ್ತು ಆಶ್ವಾಸಗಳ ಕಾವ್ಯ. ಹೆಸರೇ ಯುದ್ಧ, ಆದರೆ ಗದೆಗೆ ಗದೆ ತಾಗುವ ಭಾಗ ಅದರಲ್ಲಿ ಎಷ್ಟು ಕಿರಿದು! ಸಿಂಹಾವಲೋಕನ ಕ್ರಮದಿಂದ ಹಿಂದಿನ ಭಾರತವನ್ನೆಲ್ಲ ಕವಿ ತಿರುಗಿ ನೋಡುತ್ತಾನೆ. ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ, ಸತ್ತವರನ್ನು ಒಬ್ಬೊಬ್ಬರನ್ನಾಗಿ ಕಂಡು ಮರುಗುತ್ತಾನೆ, ಭೀಷ್ಮನನ್ನು ಕಾಣುತ್ತಾನೆ, ಸರೋವರವನ್ನು ಹೊಗುತ್ತಾನೆ. ಅವನು ಸಾಯುವನೆಂಬುದು ಓದುಗರಲ್ಲಿ ಯಾರಿಗೆ ತಿಳಿಯದು? ಗೆಲ್ಲುವವರಾರು ಎಂಬುದು ಅಲ್ಲಿಯ ಪ್ರಶ್ನೆಯೇ ಅಲ್ಲ. ಇವನು ಎಂಥವನಾಗಿ ಸಾಯುತ್ತಾನೆ ಎಂಬುದು ಪ್ರಶ್ನೆ; ಅದು ಕೊನೆಯ ಏಟಿನವರೆಗೂ ತೆರೆದಿರುತ್ತದೆ. ಆದುದರಿಂದ ಆ ವಿಳಂಬದಲ್ಲಿ ಬೇಸರವಿಲ್ಲ.

ಮೇಜಿನ ಸುತ್ತಣ ಆಟಕ್ಕೆ ಇನ್ನೂ ಹತ್ತಿರದ ನಂಟನೆಂದರೆ ನಮ್ಮ ಕರಾವಳಿಯ ತಾಳಮದ್ದಳೆ. ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಆಡುತ್ತಾರೆ. ಪ್ರಸಂಗದ ಪದ್ಯವನ್ನು ಭಾಗವತರು ಹಾಡುತ್ತಾರೆ, ಮಾತು ಆ ಕ್ಷಣದಲ್ಲಿ ಹುಟ್ಟುತ್ತದೆ. ವಾಲಿವಧೆಯಲ್ಲಿ ಬಾಣ ಬಿಡುವುದು ಒಂದು ಪದ್ಯದ ಮಾತು. ಬಾಣ ನಾಟಿದ ವಾಲಿ ಬಿದ್ದುಕೊಂಡೇ ರಾಮನನ್ನು ಪ್ರಶ್ನಿಸುತ್ತಾನಲ್ಲ, ಜನ ನಿದ್ದೆಗೆಟ್ಟು ಕಾದಿರುವುದು ಅದಕ್ಕೆ. ಯಾರೂ ‘ಬೇಗ ಸಾಯಲಿ’ ಎನ್ನುವುದಿಲ್ಲ. ಅಲ್ಲಿಯೂ ಒಬ್ಬ ಮಾತಾಡುವಾಗ ಇನ್ನೊಬ್ಬ ಸುಮ್ಮನೆ ಕುಳಿತಿರಬೇಕು. ಆದರೆ ಆ ಸುಮ್ಮನಿರುವಿಕೆ ಕಾಯುವಿಕೆಯಲ್ಲ, ಕೇಳುವಿಕೆ. ಎದುರಾಳಿಯ ಮಾತಿನಿಂದಲೇ ತನ್ನ ಮಾತು ಹುಟ್ಟಬೇಕು. ಎಂಟು ಅಂಕ ಕಳೆದೆ, ಆರು ಅಂಕ ಕಳೆದೆ ಎಂಬುದರಲ್ಲಿ ಕೇಳುವುದಕ್ಕೇನಿದೆ?

ಗತಿಯನ್ನು ತಿದ್ದಲು ಆಟವನ್ನು ರಚಿಸುವವರು ಹಲವು ಉಪಾಯಗಳನ್ನು ಹೂಡಿದ್ದಾರೆ. ನನಗೆ ಹಿಡಿಸದ ಉಪಾಯವನ್ನು ಮೊದಲು ಹೇಳಿಬಿಡುತ್ತೇನೆ. ಕೆಲವರು ಮೇಜಿನ ಮೇಲೆ ಮರಳುಗಡಿಯಾರವನ್ನಿಡುತ್ತಾರೆ. ಮರಳು ಸುರಿದು ಮುಗಿಯುವುದರೊಳಗೆ ಹೇಳದವನ ಸರದಿ ಹೋಯಿತು. ವೆಲ್ಸ್‌ನ ಗಡಿಯಾರವೇ ಇದು. ಇಬ್ಬರು ಸೇನಾಪತಿಗಳ ನಡುವೆ ಅದು ನ್ಯಾಯವೆನಿಸಬಹುದು. ಮಾತು ಕಥೆಯಾಗುವ ಈ ಮೇಜಿನಲ್ಲಿ ಅದರ ಪೆಟ್ಟು ಬೀಳುವುದು ಯಾರ ಮೇಲೆ? ಹೊಸಬರ ಮೇಲೆ, ನಾಚುವವರ ಮೇಲೆ. ನಾನು ನೋಡಿದ ಗುಂಪಿನಲ್ಲಿ ಒಬ್ಬ ಹುಡುಗಿ ಪ್ರತಿ ಸರದಿಯಲ್ಲೂ ಅರ್ಧ ನಿಮಿಷ ಮೌನವಾಗಿರುತ್ತಿದ್ದಳು. ಆ ಮೌನದ ಕೊನೆಗೆ ಅವಳು ಹೇಳುತ್ತಿದ್ದ ಮಾತು ಉಳಿದವರ ಹತ್ತು ಏಟುಗಳಿಗೆ ಸಮವಾಗಿರುತ್ತಿತ್ತು. ತರಗತಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ನಿಂತವನಿಗೆ ಇಂಥ ಮೌನದ ಬೆಲೆ ಗೊತ್ತು. ಚುರುಕಿನ ಹೆಸರಿನಲ್ಲಿ ಅದನ್ನು ಕತ್ತರಿಸುವುದಾದರೆ ಆ ಚುರುಕು ಬೇಡ.

೨೦೧೩ರಲ್ಲಿ ಬಂದ ‘ಥರ್ಟೀನ್ತ್ ಏಜ್’ ಎಂಬ ಆಟದ ಉಪಾಯ ಬೇರೆ ಬಗೆಯದು. ಅದನ್ನು ರಚಿಸಿದವರು ರಾಬ್ ಹೈನ್ಸೂ ಮತ್ತು ಜೊನಾಥನ್ ಟ್ವೀಟ್. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಾಲ್ಕನೆಯ ಮತ್ತು ಮೂರನೆಯ ಆವೃತ್ತಿಗಳ ರಚನೆಯಲ್ಲಿ ಮುಖ್ಯರಾಗಿದ್ದವರೇ. ಎರಡನೆಯ ಸುತ್ತು ಆರಂಭವಾದೊಡನೆ ಮೇಜಿನ ನಡುವೆ ಒಂದು ದೊಡ್ಡ ದಾಳವನ್ನು ಒಂದರ ಮುಖ ಮೇಲಾಗಿ ಇಡುತ್ತಾರೆ. ಸುತ್ತಿಗೊಂದರಂತೆ ಅದು ಆರರವರೆಗೆ ಏರುತ್ತದೆ. ಅಷ್ಟನ್ನೂ ನಾಯಕರು ತಮ್ಮ ಏಟಿಗೆ ಕೂಡಿಸಿಕೊಳ್ಳಬಹುದು. ಮೊದಲು ತಪ್ಪುತ್ತಿದ್ದ ಏಟು ಬರಬರುತ್ತ ತಗುಲತೊಡಗುತ್ತದೆ. ವಿಳಂಬದಿಂದ ಮಧ್ಯಕ್ಕೆ, ಮಧ್ಯದಿಂದ ದ್ರುತಕ್ಕೆ ಲಯ ಏರಿದ ಹಾಗೆ. ಚಂಡೆಯ ಪೆಟ್ಟಿಗೆ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೂ ದೂರ ಹೋದವನು ವಿನ್ಸೆಂಟ್ ಬೇಕರ್. ಅವನ ‘ಅಪಾಕಲಿಪ್ಸ್ ವರ್ಲ್ಡ್’ ೨೦೧೦ರಲ್ಲಿ ಬಂದಿತು. ಅದರಲ್ಲಿ ಸರದಿಯ ಕ್ರಮವೇ ಇಲ್ಲ, ಕಾಳಗಕ್ಕೆಂದು ಬೇರೆ ಕಾಲವೂ ಇಲ್ಲ. ಸೂತ್ರಧಾರ ದಾಳವನ್ನು ಮುಟ್ಟುವುದಿಲ್ಲ. ಆಟಗಾರನೇ ಎರಡು ಸಾಮಾನ್ಯ ದಾಳಗಳನ್ನು ಉರುಳಿಸುತ್ತಾನೆ. ಮೊತ್ತ ಹತ್ತಕ್ಕೆ ಮುಟ್ಟಿದರೆ ಎಣಿಸಿದಂತಾಯಿತು. ಏಳರಿಂದ ಒಂಬತ್ತಾದರೆ ಆಯಿತು, ಆದರೆ ಏನಾದರೂ ತೆರಬೇಕು. ಆರು ಅಥವಾ ಕಡಮೆಯಾದರೆ ಸೂತ್ರಧಾರ ಕಥೆಯನ್ನು ಕೇಡಿನ ಕಡೆಗೆ ತಿರುಗಿಸುತ್ತಾನೆ. ‘ಏನೂ ಆಗಲಿಲ್ಲ’ ಎಂಬ ಫಲವೇ ಇಲ್ಲ. ವೆರ್ಡಿ ಹೇಳಿದ ವಿವೇಕದ ದಾರಿ ಸುಮಾರು ನೂರ ಮೂವತ್ತು ವರ್ಷಗಳ ಮೇಲೆ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತೆನ್ನಬಹುದು. ಇದಕ್ಕೆ ಕೊರತೆಯೂ ಉಂಟು. ಮಧ್ಯಸ್ಥ ಅವಿವೇಕಿಯಾದರೆ ನಿಯಮದ ಆಸರೆ ಇರುವುದಿಲ್ಲ. ಲೆಕ್ಕಾಚಾರದ ತಂತ್ರದಲ್ಲಿ ಸುಖ ಕಾಣುವವರಿಗೆ ಇಲ್ಲಿ ಮೇವಿಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಹಳೆಯದೊಂದು ನಿಯಮ. ೧೯೮೧ರ ಪ್ರಾರಂಭಿಕರ ಆವೃತ್ತಿಯಲ್ಲಿ ಪ್ರತಿ ಶತ್ರುವಿಗೂ ಎದೆಗಾರಿಕೆಯ ಒಂದು ಸಂಖ್ಯೆಯಿದೆ. ಅವರಲ್ಲಿ ಮೊದಲನೆಯವನು ಸತ್ತಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ, ಸೂತ್ರಧಾರ ಎರಡು ದಾಳ ಉರುಳಿಸಿ ನೋಡುತ್ತಾನೆ. ಮೊತ್ತ ಆ ಸಂಖ್ಯೆಯನ್ನು ಮೀರಿದರೆ ಶತ್ರುಗಳು ಎದೆಗೆಟ್ಟು ಓಡುತ್ತಾರೆ ಅಥವಾ ಶರಣಾಗುತ್ತಾರೆ. ಯುದ್ಧವೆಂದರೆ ಕೊನೆಯ ಮನುಷ್ಯನವರೆಗೂ ಕೊಲ್ಲುವುದಲ್ಲ, ಒಂದು ಪಕ್ಷದ ಎದೆ ಒಡೆಯುವವರೆಗೆ ನಿಲ್ಲುವುದು ಎಂಬ ತಿಳಿವಳಿಕೆ ಆ ನಿಯಮದಲ್ಲಿದೆ. ೨೦೦೦ದ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ೨೦೧೪ರ ಸೂತ್ರಧಾರನ ಕೈಪಿಡಿಯಲ್ಲಿ, ಬೇಕಾದವರು ಬಳಸಬಹುದೆಂಬ ಐಚ್ಛಿಕ ನಿಯಮಗಳ ನಡುವೆ, ಅದಕ್ಕೊಂದು ಎಡೆ ಸಿಕ್ಕಿದೆ.

ನಮ್ಮ ಬೀದಿಯ ಸೂತ್ರಧಾರನಿಗೆ ಆ ಪುಟವನ್ನು ತೋರಿಸಿದೆ. ಅವನು ಎರಡು ಸಲ ಓದಿಕೊಂಡು, ‘ಓಡಿಹೋದರೆ ಮತ್ತೆ ಬರುತ್ತಾರಲ್ಲ ಸಾರ್’ ಎಂದನು. ‘ಬರಲಿ’ ಎಂದೆ. ಮುಂದಿನ ಭಾನುವಾರ ಗವಿಯ ಇನ್ನೊಂದು ತುದಿಯಲ್ಲಿ ಎಂಟು ಗಾಬ್ಲಿನ್‌ಗಳು ಸಿಕ್ಕಿದುವು. ನಾಲ್ಕು ಬಿದ್ದೊಡನೆ ದಾಳ ಉರುಳಿತು. ಮಿಕ್ಕ ನಾಲ್ಕು, ಗವಿಯಲ್ಲಿದ್ದ ಒಂದೇ ದೀಪವನ್ನು ಹೊತ್ತುಕೊಂಡು ಓಡಿದುವು. ಕಾಳಗ ಹದಿನೈದು ನಿಮಿಷದಲ್ಲಿ ಮುಗಿದಿತ್ತು. ಕತ್ತಲಲ್ಲಿ ಅವನ್ನು ಅಟ್ಟಿಕೊಂಡು ಹೋಗಬೇಕೆ, ಬೇಡವೆ ಎಂದು ಐವರೂ ವಾದಿಸುತ್ತ ಕುಳಿತರು. ನಾನು ಎದ್ದು ಮನೆಗೆ ಹೊರಟಾಗ ದೀಪ ಹೊತ್ತಿಸುವ ಹೊತ್ತಾಗಿತ್ತು. ಮೌನದ ಹುಡುಗಿ ಆಗ ತಾನೇ ಬಾಯಿ ತೆರೆದು, ಸತ್ತ ನಾಲ್ವರಲ್ಲಿ ಒಬ್ಬನ ಸೊಂಟದಲ್ಲಿ ಏನಿದೆಯೆಂದು ಕೇಳುತ್ತಿದ್ದಳು.